ಗೊರವಂಕ ಬಂದು ಕೂರಲಿ

ಕೆರೆ ಬತ್ತುತ್ತಿದ್ದ ಕಾಲಕ್ಕೆ ಹಕ್ಕಿಗಳೆಲ್ಲ ಸಭೆ ಸೇರಿ, ಉಳಿದ ನೀರನ್ನು ಕಾಯಲು ಕೊಕ್ಕರೆಯನ್ನು ಆರಿಸಿದವು. ಅದು ಕಾವಲುಬಂಡೆ ಹತ್ತಿ ಒಂಟಿಕಾಲಲ್ಲಿ ನಿಂತು, "ಮಳೆ ಬರುವ ತನಕ ಕಾಯುತ್ತೇನೆ, ಆಮೇಲೆ ಇಳಿಯುತ್ತೇನೆ," ಎಂದು ಮಾತು ಕೊಟ್ಟಿತು. ಮಾತಿನ ನಡುವೆ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿ ಎರಡು ಸಲ ಕೆಮ್ಮಿತು.

ಮಳೆ ಬಂತು, ಕೆರೆ ತುಂಬಿತು, ಕೊಕ್ಕರೆ ಇಳಿಯಲಿಲ್ಲ. ತನಗೆ ಬೇಕಾದವರನ್ನಷ್ಟೇ ನೀರಿಗೆ ಬಿಡತೊಡಗಿತು. ಕೇಳಿದರೆ, "ಮಳೆ ನಿಲ್ಲುವ ತನಕ ಎಂದಿದ್ದೆನಲ್ಲ," ಎಂದಿತು. ಹಾಗೇ ಅಂದಿತ್ತೇನೋ ಎಂದು ಹಕ್ಕಿಗಳು ಸುಮ್ಮನಾದವು.

ಗೊರವಂಕಕ್ಕೆ ತಡೆಯಲಾಗಲಿಲ್ಲ. ಕೇಳಿದ ದನಿಯನ್ನು ಕೇಳಿದ ಹಾಗೇ ಒಪ್ಪಿಸುವುದು ಅದರ ಹುಟ್ಟುಗುಣ. ಕೊಕ್ಕರೆ ಮೊದಲು ಕೊಟ್ಟ ಮಾತನ್ನು ಅದರ ದನಿಯಲ್ಲೇ, ಕೆಮ್ಮಿನ ಸಮೇತ ಒಪ್ಪಿಸಿತು. ಕೆಮ್ಮು ಕೇಳಿದ್ದೇ ಎಲ್ಲರಿಗೂ ಅಂದಿನ ಸಭೆ ನೆನಪಾಯಿತು.

"ನನ್ನ ಹೆಸರು ಕೆಡಿಸುತ್ತೀಯಾ?" ಎಂದು ಕೊಕ್ಕರೆ ರೇಗಿತು.

"ಸ್ವಾಮಿ, ಇದರಲ್ಲಿ ನನ್ನದೊಂದು ಮಾತೂ ಇಲ್ಲ."

ಕೊಕ್ಕರೆ ಅದನ್ನು ಕುಕ್ಕಿ ಕೆರೆಯಾಚೆಗೆ ಅಟ್ಟಿತು. ಎಲ್ಲ ಮುಗಿಯಿತು ಎಂದುಕೊಂಡು ಗೊರವಂಕ ಬೇಲಿಯ ಮೇಲೆ ಮುದುಡಿ ಕೂತಿತು. ಅಷ್ಟರಲ್ಲಿ ಜೊಂಡಿನೊಳಗಿಂದ ಎರಡು ಸಲ ಕೆಮ್ಮು ಕೇಳಿಸಿತು. ಮಾತಾಡಲು ಹೆದರಿದ ನೀರುಕೋಳಿ ಕೆಮ್ಮುತ್ತಿತ್ತು. ಆಮೇಲೆ ಬಾತು ಕೆಮ್ಮಿತು, ಕಾಗೆ ಕೆಮ್ಮಿತು. ಕೊಕ್ಕರೆ ಯಾವ ಕಡೆ ತಿರುಗಿದರೂ ಅದೇ ಕೆಮ್ಮು. ಸಂಜೆಯೊಳಗೆ ಅದು ಬಂಡೆ ಬಿಟ್ಟು ಇಳಿಯಿತು.

ಮುಂದಿನ ಬೇಸಿಗೆಗೆ ಹಕ್ಕಿಗಳು ಮಿಂಚುಳ್ಳಿಯನ್ನು ಆರಿಸಿದವು. ಅದು ಬಂಡೆ ಹತ್ತಿದ್ದೇ ಮೊದಲು ಕೊಂಬೆಗಳತ್ತ ನೋಡಿತು.

"ಗೊರವಂಕ ಎಲ್ಲಿ? ಅದು ಬಂದು ಕೂರಲಿ, ಆಮೇಲೆ ಮಾತು ಕೊಡುತ್ತೇನೆ."