ಹೊಳೆಗೆ ಹೇಳದ ಹೆಸರು

ಹೊಳೆ ಬತ್ತಿ ಹದಿನೆಂಟು ವರ್ಷವಾಗಿತ್ತು. ಊರಿನವರು ದಡ ಬಿಟ್ಟು ರಸ್ತೆ ಬದಿಗೆ ಮನೆ ಕಟ್ಟಿಕೊಂಡರು. ಮುದುಕ ಹೊನ್ನಪ್ಪ ಮೇಷ್ಟ್ರು ಮಾತ್ರ ಹೊಳೆಗಿಳಿಯುವ ಮೆಟ್ಟಿಲ ಪಕ್ಕದ ಕಲ್ಲುಮಂಟಪ ಬಿಟ್ಟು ಕದಲಲಿಲ್ಲ. ಹಟಮಾರಿ ಎಂದರು ಜನ. ಹೌದು, ಹಟಮಾರಿಯೇ.

ಒಂದು ಸಂಜೆ ಅವರ ಹಳೆಯ ಶಿಷ್ಯೆ ಕೆಂಪಲಕ್ಷ್ಮಿ ಬಂದಳು. ಈಗ ಅವಳು ಅದೇ ಊರಿನ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಕಂಕುಳಲ್ಲಿ ಉತ್ತರಪತ್ರಿಕೆಗಳ ಕಟ್ಟಿತ್ತು.

“ನಮ್ಮ ಹೊಳೆ ಬತ್ತಿದ್ದಕ್ಕೆ ಐದು ಕಾರಣ ಬರೀರಿ ಅಂದಿದ್ದೆ ಮೇಷ್ಟ್ರೇ. ಒಂಬತ್ತನೇ ಕ್ಲಾಸಿನ ಅಷ್ಟೂ ಮಕ್ಕಳು ಸರಿಯಾಗಿ ಬರೆದವ್ರೆ.”

“ಮತ್ತೆ ಮುಖ ಯಾಕಮ್ಮ ಹಿಂಗೆ?”

“ಬರೆದು ಮುಗಿಸಿ, ಇದೇ ಹೊಳೆ ದಾಟ್ಕೊಂಡು ಮನೆಗೆ ಹೋದ್ರು. ಚಿಪ್ಸ್ ಪೊಟ್ಟಣ ಇಲ್ಲೇ ಎಸೆದ್ರು. ಒಬ್ರಿಗೂ ನೋವಿಲ್ಲ. ಬರೀ ಗಿಣಿಪಾಠ. ನಾನು ಸೋತೆ. ಇದನ್ನ ವಿಜ್ಞಾನದ ಟೀಚರಿಗೇ ಬಿಟ್ಟುಬಿಡ್ತೀನಿ.”

ಮೇಷ್ಟ್ರು ನಕ್ಕರು. “ನೀರಿಳಿಯದ ಗಂಟಲಿಗೆ ಕಡುಬು ತುರುಕಿದ್ದೀಯ. ಆ ಕಟ್ಟು ಇಲ್ಲೇ ಇಟ್ಟು ಹೋಗು. ಒಂದು ಮಾತು ಹೇಳು, ನಿನ್ನ ಹೆಸರನ್ನ ಮೊದಲು ಕೇಳಿದ್ದು ಯಾರು?”

ಅವಳು ಒಣಗಿದ ಹೊಳೆಯತ್ತ ತಿರುಗಿದಳು.

“ಹೊಳೆ.”

ಆ ಊರಿನ ಪದ್ಧತಿ ಅದು. ಬಾಣಂತಿ ಗಂಗೆ ಪೂಜೆಗೆ ಬಂದ ದಿನ ಮೊಣಕಾಲು ನೀರಿನಲ್ಲಿ ನಿಂತು, ಬಗ್ಗಿ, ಮಗುವಿನ ಹೆಸರನ್ನು ಹೊಳೆಗೆ ಹೇಳುತ್ತಿದ್ದಳು. ಗಂಡನಿಗೆ ತಿಳಿಯುತ್ತಿದ್ದುದೂ ಆಮೇಲೆಯೇ.

“ಹಾಗಾದ್ರೆ ನಾಳೆ ಒಂದೇ ಪ್ರಶ್ನೆ ಕೊಡು. ನಿಮ್ಮ ಹೆಸರನ್ನ ಯಾವ ನೀರಿಗೆ ಹೇಳಿದ್ರು ಅಂತ ಅಜ್ಜೀನ ಕೇಳ್ಕೊಂಡು ಬರಲಿ.”

ಮೂರನೇ ದಿನ ಕೆಂಪಲಕ್ಷ್ಮಿ ಏದುಸಿರು ಬಿಡುತ್ತ ಬಂದಳು. ಕಣ್ಣು ಕೆಂಪಾಗಿತ್ತು.

“ಕೇಳ್ಕೊಂಡು ಬಂದ್ರು ಮೇಷ್ಟ್ರೇ. ಒಬ್ಬನ ಹೆಸರನ್ನ ನಲ್ಲಿಗೆ ಹೇಳಿದ್ರಂತೆ. ಇನ್ನೊಬ್ಬಳದ್ದು ಟ್ಯಾಂಕರಿಂದ ಹಿಡಿದ ಕೊಡಕ್ಕೆ. ಸಾವಂತ್ರಿ ಹೆಸರನ್ನ ಯಾವ ನೀರಿಗೂ ಹೇಳಲೇ ಇಲ್ವಂತೆ. ಅವಳಮ್ಮನ ಹೆಸರು ಹೇಳಿದ ಜಾಗ ತೋರಿಸ್ತೀನಿ ಅಂತ ಅಜ್ಜಿ ಇಲ್ಲಿಗೆ ಕರ್ಕೊಂಡು ಬಂದು, ಜಾಗ ಗುರುತು ಸಿಗದೆ ಅತ್ತುಬಿಟ್ರಂತೆ.”

“ಈಗ ಎಲ್ಲಿ ಮಕ್ಕಳು?”

ಅವಳು ಕೈ ತೋರಿಸಿದಳು.

ಮರಳು ತೆಗೆದ ಗುಂಡಿಗಳ ನಡುವೆ ಮಕ್ಕಳು ಚದುರಿ ನಿಂತಿದ್ದರು. ಒಬ್ಬೊಬ್ಬರೇ ಬಗ್ಗಿ ತಮ್ಮ ಹೆಸರನ್ನು ತಾವೇ ಒಣನೆಲಕ್ಕೆ ಹೇಳುತ್ತಿದ್ದರು. ಹೇಳಿದ ಮೇಲೆ ಕಿವಿಗೊಟ್ಟು ಅಲ್ಲೇ ನಿಲ್ಲುತ್ತಿದ್ದರು.

ಮೇಷ್ಟ್ರು ಬಹಳ ಹೊತ್ತು ನೋಡಿದರು. ಇಷ್ಟು ವರ್ಷ ಆ ಹೊಳೆಯ ಸದ್ದಿಗೆ ಅವರೊಬ್ಬರೇ ಕಾದಿದ್ದರು.

ಕೆಂಪಲಕ್ಷ್ಮಿ ಮೆಲ್ಲಗೆ ಹೇಳಿದಳು. “‘ನಾವು ಹುಟ್ಟೋಕೆ ಮುಂಚೇನೇ ಹೊಳೆ ಯಾಕೆ ಹೋಯ್ತು ಮಿಸ್?’ ಅಂತ ಕೇಳ್ತಾಳೆ ಸಾವಂತ್ರಿ. ಏನು ಹೇಳಲಿ ಮೇಷ್ಟ್ರೇ?”

ಅವರು ಒಳಗೆ ಹೋಗಿ ಉತ್ತರಪತ್ರಿಕೆಗಳ ಕಟ್ಟು ತಂದು, ದೂಳು ಕೊಡವಿ, ಅವಳ ಕೈಗಿಟ್ಟರು.

“ಈಗ ಹೇಳು ತಾಯಿ, ನಿನ್ನ ಐದು ಕಾರಣ.”