ಮಧ್ಯಾಹ್ನದ ನೀರು

ಒಂದೂರಿನಲ್ಲಿ ಎರಡು ಕೆರೆಗಳಿದ್ದವು. ಚಿಕ್ಕಕೆರೆಯ ನೀರನ್ನು ವಾರವಾರವೂ ಪರೀಕ್ಷಿಸುತ್ತಿದ್ದವರು ದಾಕ್ಷಾಯಿಣಮ್ಮ. ಸಂಬಳವಿಲ್ಲದ ಕೆಲಸ. ಆದರೂ ಬೆಳಕು ಹರಿಯುವ ಮೊದಲೇ ಸೀಸೆ ಹಿಡಿದು ಮೆಟ್ಟಿಲಿಳಿಯುವರು. ಮೀನು ಉಸಿರಾಡುವಷ್ಟು ಪ್ರಾಣವಾಯು ನೀರಿನಲ್ಲಿದೆಯೇ ಎಂದು ನೋಡಿ, ಅದರ ಅಂಕಿಯನ್ನು ಕೆರೆ ಕಾಯುವ ಗುಂಪಿನ ಭಾನುವಾರದ ಸಭೆಯಲ್ಲಿ ಹೇಳುವರು. ಆ ಕೆರೆಯಲ್ಲಿ ಮೀನು ಸಾಕಿದ್ದ ಗಂಗಪ್ಪ ಅವರ ಮಾತನ್ನೇ ನಂಬಿಕೊಂಡಿದ್ದ.

ಅಷ್ಟರಲ್ಲಿ ನಸೀಮಾ ಎಂಬ ಹೆಂಗಸು ದೊಡ್ಡಕೆರೆಯ ಪರೀಕ್ಷೆಗೆ ಬಂದಳು. ದೊಡ್ಡಕೆರೆಯ ನೀರು ಮೊದಲಿನಿಂದಲೂ ಒಳ್ಳೆಯದು. ಸಭೆಯಲ್ಲಿ ಅವಳ ಅಂಕಿ ಯಾವಾಗಲೂ ಒಂದು ಕೈ ಮೇಲೆ. ಜನ ಚಪ್ಪಾಳೆ ತಟ್ಟಿದರು, ಶಾಲು ಹೊದಿಸಿದರು. ದಾಕ್ಷಾಯಿಣಮ್ಮನಿಗೆ ಅದನ್ನು ಸಹಿಸಲಾಗಲಿಲ್ಲ. ನಿನ್ನೆ ಮೊನ್ನೆ ಬಂದವಳಿಗೆ ಶಾಲಂತೆ! ಕೆರೆಯನ್ನೇನು ಇವಳು ತವರಿಂದ ತಂದಳೇ?

"ಅಕ್ಕಾ, ಸೀಸೆಯೊಳಗೆ ಗಾಳಿಗುಳ್ಳೆ ಸೇರದ ಹಾಗೆ ಹೇಗೆ ತುಂಬ್ತೀರಿ? ನಂಗೂ ತೋರಿಸಿಕೊಡಿ" ಎಂದು ನಸೀಮಾ ಕೇಳಿಕೊಂಡಳು.

"ಶಾಲು ಹೊದ್ದವರಿಗೆ ನಾವೇನಮ್ಮ ಕಲಿಸೋದು?" ಎಂದು ದಾಕ್ಷಾಯಿಣಮ್ಮ ಮುಖ ತಿರುಗಿಸಿದರು.

ಬಿಸಿಲು ಬೀಳುವ ಮೊದಲೇ ನೀರು ತುಂಬಬೇಕು ಎಂಬುದು ಅವರ ಗುಂಪಿನ ನಿಯಮ. ಹಗಲಿನಲ್ಲಿ ಪಾಚಿ ಬಿಸಿಲು ಕುಡಿದು ಪ್ರಾಣವಾಯು ಬಿಡುತ್ತದೆ. ರಾತ್ರಿ ಅದೇ ಪಾಚಿ ಪ್ರಾಣವಾಯುವನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಕೆರೆಯ ಕಷ್ಟ ತಿಳಿಯುವುದು ನಸುಕಿನಲ್ಲಿ. ಇದು ದಾಕ್ಷಾಯಿಣಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಅವರು ಆ ವಾರ ಸುಡುಬಿಸಿಲಿನಲ್ಲಿ, ಪಾಚಿ ಹಸಿರುಗಟ್ಟಿದ ಕಡೆ ಸೀಸೆ ಮುಳುಗಿಸಿದರು. ಅಂಕಿ ಸರ್ರನೆ ಏರಿತು. ಸಭೆಯಲ್ಲಿ ಅದನ್ನೇ ಬೆಳಗಿನ ಅಂಕಿ ಎಂದು ಓದಿದರು. ಚಪ್ಪಾಳೆ ಬಿತ್ತು. ಅವರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮುಂದಿನ ವಾರಗಳಲ್ಲೂ ಹಾಗೆಯೇ ಮಾಡಿದರು.

ಬೇಸಿಗೆ ಬಲಿಯಿತು. ನಸೀಮಾ ಸಭೆಯಲ್ಲಿ ಎದ್ದು, "ನಮ್ಮ ಕೆರೇಲಿ ಪ್ರಾಣವಾಯು ಕಡಿಮೆ ಆಗ್ತಿದೆ" ಎಂದು ತಲೆತಗ್ಗಿಸಿ ಹೇಳಿದಳು. ನೀರು ಚಿಮ್ಮಿಸಿ ಗಾಳಿ ಬೆರೆಸುವ ಯಂತ್ರ ಊರಿನಲ್ಲಿದ್ದದ್ದು ಒಂದೇ. ಚಿಕ್ಕಕೆರೆ ಹೇಗೂ ಚೆನ್ನಾಗಿದೆಯಲ್ಲ ಎಂದು ಎಲ್ಲರೂ ಅದನ್ನು ದೊಡ್ಡಕೆರೆಗೆ ಕೊಟ್ಟರು. ತಮ್ಮ ಕೆರೆಗೂ ಬೇಕು ಎನ್ನಲು ದಾಕ್ಷಾಯಿಣಮ್ಮನಿಗೆ ಬಾಯಿ ಬರಲಿಲ್ಲ. ನಸೀಮಾಳ ಬಾಡಿದ ಮುಖ ನೋಡಿ ಒಳಗೊಳಗೇ ಹಿಗ್ಗಿದ್ದೂ ಸುಳ್ಳಲ್ಲ.

ಒಂದು ಮುಂಜಾನೆ ಗಂಗಪ್ಪ ದಾಕ್ಷಾಯಿಣಮ್ಮನ ಬಾಗಿಲು ಬಡಿದ. ಅವರು ಓಡಿಹೋಗಿ ನೋಡಿದರೆ ಚಿಕ್ಕಕೆರೆಯ ತುಂಬ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಎಷ್ಟೋ ಆಗಲೇ ಸತ್ತು ತೇಲುತ್ತಿದ್ದವು.

"ಅಮ್ಮಾ, ನೀರು ಚೆನ್ನಾಗೈತೆ ಅಂದಿದ್ರಲ್ಲಾ! ಇದ್ಯಾಕೆ ಹಿಂಗಾಯ್ತು?" ಎಂದ ಗಂಗಪ್ಪ.

ಯಾರೋ ವಿಷ ಬೆರೆಸಿರಬೇಕು ಎಂಬ ಮಾತು ದಾಕ್ಷಾಯಿಣಮ್ಮನ ನಾಲಿಗೆಯ ತುದಿಗೆ ಬಂತು. ಹಾಗೆಂದರೆ ಮಾನ ಉಳಿಯುತ್ತಿತ್ತು. ಆದರೆ ಜನ ವಿಷ ಹುಡುಕುತ್ತ ಕೂತರೆ ಉಳಿದ ಮೀನೂ ಸಾಯುತ್ತಿದ್ದವು. ಅವರು ಗಂಗಪ್ಪನ ಎದುರಿಗೇ ನಸೀಮಾಳಿಗೆ ಫೋನು ಮಾಡಿದರು.

"ಯಂತ್ರ ಈಗಲೇ ಬೇಕಮ್ಮ. ಮಧ್ಯಾಹ್ನದ ನೀರು ತುಂಬಿ ಬೆಳಗಿಂದು ಅಂತ ಸುಳ್ಳು ಹೇಳ್ದೆ. ನಿನ್ನ ಕಂಡರೆ ನಂಗೆ ಹೊಟ್ಟೆಕಿಚ್ಚು."

"ತರ್ತೀನಿ ಅಕ್ಕಾ, ಫೋನಿಡಿ."

ನಸೀಮಾ ಬೈಯಲೂ ಇಲ್ಲ, ತಡಮಾಡಲೂ ಇಲ್ಲ. ಟೆಂಪೋದಲ್ಲಿ ಯಂತ್ರ ಹೇರಿಕೊಂಡು ತಾನೇ ಬಂದಳು. ಇವಳು ನಾಲ್ಕು ಮಾತು ಅಂದಿದ್ದರೂ ಸಮಾಧಾನವಾಗುತ್ತಿತ್ತು ಎನಿಸಿತು ದಾಕ್ಷಾಯಿಣಮ್ಮನಿಗೆ. ಯಂತ್ರ ತಿರುಗಿದ ಮೇಲೆ ಅರ್ಧದಷ್ಟು ಮೀನು ಉಳಿದವು. ಉಳಿದರ್ಧವನ್ನು ಗಂಗಪ್ಪ ಬುಟ್ಟಿಗೆ ತುಂಬುತ್ತಿದ್ದ. ದಾಕ್ಷಾಯಿಣಮ್ಮ ಅವನ ಪಕ್ಕದಲ್ಲಿ ನೀರಿಗಿಳಿದು ತಾವೂ ಹೆಕ್ಕತೊಡಗಿದರು.

"ಗಂಗಪ್ಪ, ನಾನು ಓದಿದ ಅಂಕಿ ಮಧ್ಯಾಹ್ನಕ್ಕೆ ನಿಜಾನೇ ಆಗಿತ್ತು ಕಣಪ್ಪ" ಎಂದರು, ಅಳು ತಡೆಯಲಾರದೆ.

ಗಂಗಪ್ಪ ತಲೆಯೆತ್ತದೆ ಹೇಳಿದ: "ಹೂಂ ಕಣಮ್ಮ. ಮಧ್ಯಾಹ್ನ ಇವೂ ಬದುಕೇ ಇದ್ವು."

ನೀತಿ: ಇನ್ನೊಬ್ಬರನ್ನು ಮೀರಿಸುವ ಹಟಕ್ಕೆ ಬಿದ್ದವರು ತಾವು ಕಾಯಬೇಕಾದದ್ದನ್ನೇ ಮರೆಯುತ್ತಾರೆ. ಹೊಟ್ಟೆಕಿಚ್ಚು ನಮ್ಮದು, ಆದರೆ ಅದರಿಂದ ಉಸಿರು ಕಟ್ಟುವುದು ನಮ್ಮನ್ನು ನಂಬಿದವರಿಗೆ.