ಗೋಡೆ ಹಾರಬೇಕಾದ ಹುಂಜ

ಕೆಂಚನೆಂಬ ಹುಂಜ ಎಷ್ಟು ದಪ್ಪಗಿದ್ದನೆಂದರೆ, ಅವನ ಕೂಗಿಗೆ ಏಳದ ಊರು ಅವನ ಹೆಜ್ಜೆಯ ಸಪ್ಪಳಕ್ಕೆ ಎದ್ದು ಕೂರುತ್ತಿತ್ತು. ನರಿ ಬಂದರೆ ಹಿತ್ತಿಲ ಗೋಡೆ ಹಾರಲೂ ಅವನಿಂದಾಗದು! ಆ ಹೆದರಿಕೆಗೆ, ಸಣ್ಣಗಾಗಲೆಂದು ಮೂರು ದಿನ ಉಪವಾಸ ಕೂತ. ನಾಲ್ಕನೆಯ ದಿನ ಹಸಿವು ತಾಳದೆ ಒಂದು ಮೂಟೆ ರಾಗಿಯನ್ನು ಚೀಲದ ಸಮೇತ ನುಂಗಿಬಿಟ್ಟ.

"ಥೂ ನಿನ್ನ! ದಿನಾ ತಿಪ್ಪೆ ಕೆದಕು, ಹಸಿವಾದಷ್ಟೇ ತಿನ್ನು," ಎಂದಳು ಮುದಿ ಹೇಂಟೆ.

"ಗುಬ್ಬಿಯಷ್ಟಾಗೋದು ಯಾವಾಗಕ್ಕಾ?"

"ಮೊದಲು ಕೆದಕೋ!"

ಎರಡು ತಿಂಗಳು ಬಿಡದೆ ಕೆದಕಿದ. ಒಂದು ಸಂಜೆ ನರಿ ನುಗ್ಗಿದ್ದೇ ತಡ, ಕೆಂಚ ದಡಬಡನೆ ರೆಕ್ಕೆ ಬಡಿದು ಗೋಡೆಯ ಮೇಲೆ ಕುಳಿತ.

"ಇನ್ನೂ ಕುಂಬಳಕಾಯಿ ಹಾಗೇ ಇದ್ದೀಯಲ್ಲೋ!" ಎಂದು ನರಿ ಹಂಗಿಸಿತು.

"ಇದ್ದರೇನು ನರಿಯಣ್ಣಾ? ನಿನ್ನ ಬಾಯಿಗಿಂತ ಒಂದು ಗೇಣು ಮೇಲಿದ್ದೇನೆ, ನನಗಷ್ಟು ಸಾಕು!"